ದಸರಾ ಮುಗಿದ ಮೇಲೆ ಕಾರವಾರ ಕೊಲ್ಲಿಯಲ್ಲಿ ಗಾಳ: ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ, ಯಾವ ಮೀನಿಗೆ?

ಧಾರವಾಡದ ಕೆರೆದಂಡೆ

ನಮಸ್ಕಾರ. ನಾನೂ ನನ್ನ ಮಾವನೂ ಕೆರೆಯ ಗಾಳದವರು. ಕಟ್ಲಾ, ರೋಹು, ಅದೃಷ್ಟ ಚೆನ್ನಾಗಿದ್ದ ದಿನ ಒಂದು ಬಾಳೆಮೀನು. ಗೋಧಿ ಹಿಟ್ಟಿನ ಉಂಡೆ, ಎರೆಹುಳು, ಜೋಳದ ದಂಟಿನ ಬೆಂಡು; ನಮ್ಮ ವಿದ್ಯೆ ಅಲ್ಲಿಗೆ ಮುಗಿಯುತ್ತದೆ.

ಈ ಸಲ ವಿಜಯದಶಮಿ ಮುಗಿಸಿಕೊಂಡು ಸೀಗೆ ಹುಣ್ಣಿಮೆಯ ಹೊತ್ತಿಗೆ ಕಾರವಾರದ ಕೋಡಿಬಾಗದಲ್ಲಿರುವ ನೆಂಟರ ಮನೆಗೆ ಹೋಗುವವರಿದ್ದೇವೆ. ಕಡಲಿಗೆ ಗಾಳ ಹಾಕಬೇಕೆಂಬುದು ಮಾವನ ಬಹುಕಾಲದ ಆಸೆ. ಅವರಿಗೆ ಮಂಡಿನೋವು, ಆದ್ದರಿಂದ ದೋಣಿ ಬೇಡ. ದಂಡೆಯಲ್ಲಿ ನಿಂತೋ ಕುಳಿತೋ ಆಗುವಂಥದ್ದು ಬೇಕು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನು ಎರೆ ಹಾಕಬೇಕು? ನಮ್ಮ ಕೆರೆಯ ಕೋಲು ಅಲ್ಲಿ ನಡೆಯುತ್ತದೆಯೇ? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ದೊಡ್ಡ ದೊಡ್ಡ ಮೀನು ಎತ್ತಿ ಹಿಡಿದವರ ಚಿತ್ರಗಳು ಬೇಕಾದಷ್ಟಿವೆ. ಎಲ್ಲಿ ನಿಂತು ಹಿಡಿದರು ಎಂಬುದನ್ನು ಮಾತ್ರ ಒಬ್ಬರೂ ಹೇಳುವುದಿಲ್ಲ.

ಅಳಿವೆ ಬದಿ

ಹೇಳಿದರೆ ಮರುದಿನ ಅಲ್ಲಿ ಹತ್ತು ಕೋಲು ನಿಂತಿರುತ್ತವೆ, ಅದಕ್ಕೇ ಹೇಳುವುದಿಲ್ಲ. ಆದರೆ ಮಂಡಿನೋವಿನ ಹಿರಿಯರಿಗೆ ಬಚ್ಚಿಟ್ಟರೆ ಪಾಪ ತಟ್ಟುತ್ತದೆ.

ಮೊದಲು ಕೊಲ್ಲಿಯನ್ನು ತಿಳಿದುಕೊಳ್ಳಿ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ, ದೇವಬಾಗದ ಮರಳು. ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಅದರ ಮರೆಯಲ್ಲಿ ಬಂದರು. ನಡುವೆ ಬಾಗಿಕೊಂಡಿರುವುದು ಟಾಗೋರ್ ಕಡಲತೀರ. ಎದುರಿಗೆ ಕೂರ್ಮಗಡ, ದೀಪಸ್ತಂಭವಿರುವ ದೇವಗಡ. ಮಳೆಗಾಲದುದ್ದಕ್ಕೂ ಕಾಳಿಯ ಕೆಂಪು ನೀರು ಈ ಕೊಲ್ಲಿಗೆ ಸುರಿಯುತ್ತದೆ. ಸಿಹಿನೀರು ಹಗುರ, ಮೇಲೆ ನಿಲ್ಲುತ್ತದೆ. ಉಪ್ಪುನೀರು ಭಾರ, ತಳ ಹಿಡಿಯುತ್ತದೆ. ಮಳೆ ಸೋತಂತೆಲ್ಲ ಉಪ್ಪುನೀರು ತಳದಲ್ಲಿ ತೆವಳಿಕೊಂಡು ನದಿಯೊಳಕ್ಕೆ ಏರುತ್ತದೆ. ಅದರ ಜೊತೆ ಸಣ್ಣ ಮೀನು, ಸಣ್ಣ ಮೀನಿನ ಬೆನ್ನಿಗೆ ಅದನ್ನು ತಿನ್ನುವ ದೊಡ್ಡ ಮೀನುಗಳು: ಚೋಣಕ (ಸೀಬಾಸ್), ತಾಂಬೊಸ (ರೆಡ್ ಸ್ನಾಪರ್). ಈ ಮೆರವಣಿಗೆ ಇವತ್ತು ಎಲ್ಲಿಗೆ ಬಂದು ನಿಂತಿದೆ ಎಂದು ಪತ್ತೆ ಹಚ್ಚುವುದೇ ಶರತ್ಕಾಲದ ಗಾಳದ ಮುಕ್ಕಾಲು ಕೆಲಸ. ಕೋಲು, ರೀಲು, ದಾರ ಉಳಿದ ಕಾಲು ಭಾಗ.

ಈ ಸಲ ದಸರಾ ಬೇಗ ಬಂದಿದೆ, ಹಸ್ತದ ಮಳೆ ಮುಗಿದಿರುವುದಿಲ್ಲ. ಹಾಗಾಗಿ ಗಾಳ ಬಿಚ್ಚುವ ಮೊದಲು ನೀರು ನೋಡಿ. ಮೊಣಕಾಲುದ್ದ ನೀರಿನಲ್ಲಿ ನಿಂತಾಗ ನಿಮ್ಮ ಪಾದ ನಿಮಗೆ ಕಂಡರೆ ಅಳಿವೆಯ ಹತ್ತಿರದ ಮರಳಿನಲ್ಲೇ ಹಾಕಬಹುದು. ಪಾದ ಕಾಣದೆ ನೀರು ಚಹಾದ ಬಣ್ಣದಲ್ಲಿದ್ದರೆ ನದಿಯ ಬಾಯಿ ಬಿಟ್ಟು ದಕ್ಷಿಣಕ್ಕೆ ಸರಿಯಿರಿ. ಘಟ್ಟದ ಮೇಲೆ ಜೋರು ಮಳೆಯಾಗಿ ಕದ್ರಾ ಅಣೆಕಟ್ಟಿನ ಗೇಟು ತೆರೆದಿದ್ದಾರೆ ಎಂದು ಸುದ್ದಿ ಬಂದರೆ ಒಂದೆರಡು ದಿನ ಅಳಿವೆಯ ಕಡೆ ಮುಖ ಹಾಕಬೇಡಿ. ಮೀನೂ ಇರುವುದಿಲ್ಲ, ನೀರಿನ ಸೆಳೆತವೂ ಒಳ್ಳೆಯದಲ್ಲ.

ಹೊತ್ತಿನ ವಿಷಯಕ್ಕೆ ಗಡಿಯಾರ ಬೇಡ, ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನಮ್ಮಲ್ಲಿ ಭರತ ಹೆಚ್ಚುಕಡಿಮೆ ನಡುಹಗಲಿಗೂ ನಡುರಾತ್ರಿಗೂ ಬರುತ್ತದೆ. ಇಳಿತ ನಸುಕಿಗೂ ಸಂಜೆಗೂ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ ಅಷ್ಟಮಿಯ ಹೊತ್ತಿಗೆ ಎಲ್ಲವೂ ಅದಲುಬದಲು. ನೀವು ಬರುವುದು ಹುಣ್ಣಿಮೆಗೆ, ಅಂದರೆ ಬೆಳಕು ಹರಿಯುವಾಗ ನೀರು ಪೂರ್ತಿ ಇಳಿದಿರುತ್ತದೆ. ಆಗಲೇ ಹೋಗಿ ಮರಳಿನ ತಗ್ಗುದಿಣ್ಣೆ ಕಣ್ಣಾರೆ ನೋಡಿಕೊಳ್ಳಿ. ಭರತದ ನೀರು ಮೊದಲು ತಗ್ಗಿನ ದಾರಿ ಹಿಡಿದು ನುಗ್ಗುತ್ತದೆ, ಮೀನೂ ಅದೇ ದಾರಿಯಲ್ಲಿ ಬರುತ್ತದೆ. ನೀರು ಏರತೊಡಗಿದ ಮೊದಲ ಎರಡು ಮೂರು ಗಂಟೆ ನಿಮ್ಮದು. ಬೆಳಗಿನ ಮೂಡುಗಾಳಿ ಬೆನ್ನಿಗಿರುತ್ತದೆ, ಎಸೆದ ಸೀಸ ದೂರ ಹೋಗುತ್ತದೆ. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಅದೇ ಸೀಸ ಮುಖಕ್ಕೇ ವಾಪಸು ಬರುತ್ತದೆ. ಆಗ ಮನೆಗೆ ಹೋಗಿ ಊಟ ಮಾಡಿ.

ಕೆರೆಯವರಿಗೆ ಒಂದು ಎಚ್ಚರಿಕೆ. ಹುಣ್ಣಿಮೆಗೆ ಇಲ್ಲಿ ನೀರು ಸುಮಾರು ಎರಡು ಮೀಟರಿನವರೆಗೂ ಏರಿಳಿಯುತ್ತದೆ. ಚಪ್ಪಲಿ, ಚೀಲ, ಊಟದ ಡಬ್ಬಿ ಇಟ್ಟ ಜಾಗದ ಮೇಲೆ ಕಣ್ಣಿರಲಿ.

ಮಾವನಿಗೆ ಕೂರಲು ಕೋಡಿಬಾಗದ ನದಿದಂಡೆ ಅನುಕೂಲ. ಮರಳಿನ ಮೇಲೆ ಆಡಬೇಕೆಂದರೆ ಟಾಗೋರ್ ಕಡಲತೀರದಲ್ಲಿ ಜನಸಂದಣಿ ತಪ್ಪಿಸಿ ಉತ್ತರದ ತುದಿಗೆ ನಡೆಯಿರಿ. ನದಿ ದಾಟಿ ಮಾಜಾಳಿಯ ಕಡೆಗೂ ಹೋಗಬಹುದು, ಅಲ್ಲಿ ಗದ್ದಲ ಕಡಿಮೆ.

ನೊಗ್ಲಿ ಅಕ್ಕ

ಚೋಣಕ ಎಂದ ಕೂಡಲೇ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಅಣ್ಣ, ಕೆರೆಯಿಂದ ಬರುವವರು ಮೊದಲು ನೊಗ್ಲಿಗೆ ಕೂರಿ. ಮಂಗಳೂರಿನ ಕಡೆ ಕಾಣೆ ಎನ್ನುತ್ತಾರಲ್ಲ, ಅದೇ. ಮಳೆ ನಿಂತು ಮರಳು ತಿಳಿಯಾದ ಮೇಲೆ ದಂಡೆಯಿಂದಲೇ ಸಿಗುವ ಮೀನು, ಕೆರೆಯ ಕೋಲಿಗೂ ಸಿಗುತ್ತದೆ, ತಿನ್ನಲು ಅದಕ್ಕೆ ಸಮ ಇಲ್ಲ.

ಅದರ ಬಾಯಿ ಸಣ್ಣದು, ಮುಂದಕ್ಕೆ ಚಾಚಿ ಮರಳಿನಿಂದ ಹುಳು ಹೀರುವಂಥದ್ದು. ಆದ್ದರಿಂದ ಕೊಕ್ಕೆಯೂ ಸಣ್ಣದಿರಲಿ, ಕಾಂಡ ಮಾತ್ರ ಉದ್ದವಿರಲಿ. ನುಂಗಿದರೂ ಬಿಡಿಸಲು ಹಿಡಿ ಸಿಗುತ್ತದೆ. ತೆಳು ತಂಗೂಸಿ, ಬೆಂಡು ಬೇಡ, ದಾರದಲ್ಲಿ ಜಾರುವ ಹಗುರವಾದ ಸೀಸ. ಎರೆಗೆ ಇಳಿತದಲ್ಲಿ ಕೆಸರುಮರಳು ಅಗೆದರೆ ಸಿಗುವ ಹುಳು ಎಲ್ಲಕ್ಕಿಂತ ಶ್ರೇಷ್ಠ. ಅದಿಲ್ಲದಿದ್ದರೆ ಮಾರುಕಟ್ಟೆಯ ಸಣ್ಣ ಸಿಗಡಿ. ತಲೆ ಕಿತ್ತು, ಸಿಪ್ಪೆ ಬಿಡಿಸಿ, ಹಿಂದಿನ ರಾತ್ರಿಯೇ ಒಂದು ಚಿಟಿಕೆ ಕಲ್ಲುಪ್ಪು ಬೆರೆಸಿ ಡಬ್ಬಿಯಲ್ಲಿಡಿ. ಬೆಳಿಗ್ಗೆಗೆ ಮಾಂಸ ಬಿಗಿಯಾಗಿರುತ್ತದೆ, ಏಡಿ ಎಳೆದಾಡಿದರೂ ಬೇಗ ಉದುರುವುದಿಲ್ಲ. ಕಿರುಬೆರಳಿನ ಉಗುರಿನಷ್ಟು ತುಂಡು ಸಾಕು, ಕೊಕ್ಕೆಯ ಮೊನೆ ಹೊರಗೆ ಕಾಣುವಂತೆ ಚುಚ್ಚಿ.

ಎಸೆದು ಸುಮ್ಮನೆ ಕೂರಬೇಡಿ. ಸೀಸ ತಳ ಮುಟ್ಟಿದ ಮೇಲೆ ಗೇಣುಗೇಣಾಗಿ ಎಳೆಯುತ್ತ ಬನ್ನಿ. ಪ್ರತಿ ಎಳೆತಕ್ಕೂ ತಳದಲ್ಲಿ ಚಿಟಿಕೆ ಮರಳು ಏಳುತ್ತದೆ, ಹುಳು ಎದ್ದಿತೆಂದು ನೊಗ್ಲಿ ಅಲ್ಲಿಗೇ ಬರುತ್ತದೆ. ದಾರಕ್ಕೆ ತೋರುಬೆರಳು ತಾಗಿಸಿಕೊಂಡಿರಿ. ಟಕ್‌ಟಕ್ ಎಂದು ಎರಡು ಬಾರಿ ಬಡಿಯುತ್ತದೆ, ನಂತರ ಒಂದು ಕ್ಷಣ ಏನೂ ಇಲ್ಲ, ನಂತರ ಭಾರ. ಆ ಭಾರ ಬಂದಾಗ ಕೋಲು ಎತ್ತಿ. ಬಡಿತಕ್ಕೇ ಎಳೆದರೆ ಬರಿ ಕೊಕ್ಕೆ ಬರುತ್ತದೆ.

ಬರಿ ಕೊಕ್ಕೆ ಬಂದಾಗಲೂ ಅದು ಏನೋ ಹೇಳುತ್ತಿರುತ್ತದೆ. ಎರೆ ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧಕ್ಕೆ ತುಂಡಾಗಿದ್ದರೆ ಹೊಟ್ಟೆ ಉಬ್ಬಿಸುವ ವಿಷಮೀನು ಬಂದಿದೆ ಎಂದರ್ಥ. ಸಿಕ್ಕಿದರೆ ಬಿಟ್ಟುಬಿಡಿ, ಅದನ್ನು ತಿನ್ನುವಂತಿಲ್ಲ. ಚಿಂದಿಯಾಗಿದ್ದರೆ ಏಡಿ. ದಾರದ ತುದಿಗೆ ಲೋಳೆ ಮೆತ್ತಿದ್ದರೆ ಸಾಂಗಟ ಎಂಬ ಮೀಸೆಮೀನು ಓಡಾಡುತ್ತಿದೆ, ಹತ್ತು ಮಾರು ಆಚೆಗೆ ಹೋಗಿ. ಗೇಣಿಗಿಂತ ಚಿಕ್ಕ ನೊಗ್ಲಿಯನ್ನು ಒದ್ದೆ ಕೈಯಲ್ಲಿ ಹಿಡಿದು ವಾಪಸು ಬಿಡಿ. ಒಣ ಕೈ, ಒಣ ಮರಳು ತಾಗಿದರೆ ಅದರ ಮೈಯ ಲೋಳೆ ಹೋಗುತ್ತದೆ, ಬಿಟ್ಟೂ ಪ್ರಯೋಜನವಿಲ್ಲ.

ಬೆಂಗಳೂರಿನ ರೀಲು

ಅಕ್ಕ ಹೇಳಿದ್ದು ಸರಿ, ಆದರೆ ಕಾರವಾರದವರೆಗೆ ಬಂದು ಗೇಣುದ್ದದ ಮೀನು ಹಿಡಿದು ಹೋಗುವುದೇ? ಅಕ್ಟೋಬರ್ ಎಂದರೆ ಚೋಣಕದ ತಿಂಗಳು. ಏಳೆಂಟು ಅಡಿಯ ಕೋಲು, ಹೆಣೆದ ದಾರ, ತುದಿಗೆ ಒಂದು ಮಾರು 40 ಪೌಂಡಿನ ತಂಗೂಸಿ ಕಟ್ಟಿಕೊಳ್ಳಿ. ಚೋಣಕದ ಕಿವಿರು ಮುಚ್ಚಳದ ಅಂಚು ಬ್ಲೇಡಿನಂತಿರುತ್ತದೆ, ತೆಳು ದಾರವನ್ನು ಒಂದೇ ಏಟಿಗೆ ಕೊಯ್ಯುತ್ತದೆ. ಎರೆಯ ಗೊಡವೆ ಬೇಡ, ರಬ್ಬರಿನ ಕೃತಕ ಮೀನು ಸಾಕು. ಇಳಿತ ಶುರುವಾದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಕಾಲುವೆಗಳಿಂದ ನೀರು ನದಿಗೆ ಹೊರಬೀಳುತ್ತದಲ್ಲ, ಆ ಬಾಯಿಯ ಎದುರಿಗೆ ಎಸೆದು ನಿಧಾನವಾಗಿ ಸುತ್ತಿ. ಸಣ್ಣ ಮೀನು ಹೊರಗೆ ಬರುವುದನ್ನೇ ಕಾಯುತ್ತ ಚೋಣಕ ಅಲ್ಲೇ ನಿಂತಿರುತ್ತದೆ.

ಕೆರೆಯ ಕೋಲು ನಡೆಯುತ್ತದೆ. ರೀಲನ್ನು ಮಾತ್ರ ಪ್ರತಿ ಸಂಜೆ ಸಿಹಿನೀರಿನಲ್ಲಿ ಒರೆಸಿಡಿ, ಇಲ್ಲದಿದ್ದರೆ ಊರು ಸೇರುವ ಮೊದಲೇ ತುಕ್ಕು ಹಿಡಿದಿರುತ್ತದೆ.

ಇನ್ನೊಂದು ಗುಟ್ಟು: ಒಳ್ಳೆಯ ಚೋಣಕ ಸಿಕ್ಕರೆ ಹೆದ್ದಾರಿಯ ಹೋಟೆಲುಗಳಲ್ಲಿ ಕೈಮೇಲೆ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ನಾವು ಗೆಳೆಯರು ಹೋದಾಗಲೆಲ್ಲ ಪೆಟ್ರೋಲಿನ ಖರ್ಚು ಹೀಗೇ ಹುಟ್ಟುತ್ತದೆ.

ರಂಪಣಿ ಮನೆಯವನು

ಧಾರವಾಡದವರೇ, ನಿಮ್ಮ ಮಾವನವರು ಆರಾಮವಾಗಿ ಬಂದು ಕೂರಲಿ. ಎರೆ ಸಿಗದಿದ್ದರೆ ದಂಡೆಯಲ್ಲಿ ಯಾರನ್ನಾದರೂ ಕೇಳಿ, ಒಂದು ಮುಷ್ಟಿ ಸಿಗಡಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಮುಂದಿನ ಮಾತು ನಿಮಗಲ್ಲ, ಪೆಟ್ರೋಲಿನ ಖರ್ಚು ಹುಟ್ಟಿಸಿಕೊಂಡವರಿಗೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗಸ್ಟ್‌ನಲ್ಲಿ ಕಡಲು ಇನ್ನೂ ಒರಟು. ಎರಡು ಮೂರು ತಿಂಗಳು ಸಾಲ ಮಾಡಿ ಮನೆ ನಡೆಸಿ, ಬಲೆ ರಿಪೇರಿ ಮಾಡಿಸಿ, ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಇಳಿಯುವವರು ನಾವು. ಸಣ್ಣ ದೋಣಿಯವನಿಗೆ ದುಡ್ಡು ಕಾಣುವುದೇ ಈ ಸೆಪ್ಟೆಂಬರ್, ಅಕ್ಟೋಬರ್, ನವೆಂಬರಿನಲ್ಲಿ. ಪಟ್ಟಿಬಲೆಗೆ ಎರಡು ಚೋಣಕ ಬಿದ್ದ ದಿನ ಆ ಮನೆಗೆ ಅಕ್ಕಿ, ಮಕ್ಕಳ ಶುಲ್ಕ. ಅದೇ ದಿನ ಕಾರಿನಲ್ಲಿ ಬಂದವರು ನಾಲ್ಕು ಚೋಣಕವನ್ನು ಹೋಟೆಲಿನ ಹಿಂಬಾಗಿಲಿಗೆ ಕೊಟ್ಟು ಹೋದರೆ ಮೀನು ಮಾರುವ ನಮ್ಮ ಹೆಂಗಸರು ಬುಟ್ಟಿ ಹೊತ್ತು ಹೋದಾಗ ಏನು ಉತ್ತರ ಸಿಗುತ್ತದೆ ಗೊತ್ತೇ? “ಇವತ್ತು ಬೇಡಮ್ಮ, ಬಂದಿದೆ.”

ಹವ್ಯಾಸಕ್ಕೆ ಹಿಡಿಯಿರಿ, ಮನೆಗೆ ಒಯ್ದು ಉಣ್ಣಿ, ನೆಂಟರಿಗೆ ಹಂಚಿ. ಮಾರಬೇಡಿ. ಇನ್ನೊಂದು ವಿಷಯ, ನೀರಿನ ಮೇಲೆ ಬೆಂಡಿನ ಸಾಲು ಕಂಡರೆ ಅದು ಯಾರದೋ ಬಲೆ. ಅದರ ಪಕ್ಕಕ್ಕೆ ಮೂರು ಕೊಕ್ಕೆಯ ಕೃತಕ ಮೀನು ಎಸೆದು, ಸಿಕ್ಕಿಕೊಂಡಾಗ ಬಲೆಯನ್ನೇ ಕೊಯ್ದು ಬಿಡಿಸಿಕೊಂಡು ಹೋದವರಿದ್ದಾರೆ. ಆ ತೂತು ಹೊಲಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಒಮ್ಮೆ ಬಂದು ನೋಡಿ.

ಬೆಂಗಳೂರಿನ ರೀಲು

ಒಂದೆರಡು ಮೀನು ಮಾರಿದ್ದಕ್ಕೆ ಇಷ್ಟು ದೊಡ್ಡ ಮಾತೇ? ಕಡಲು ಬರಿದಾಗುತ್ತಿರುವುದು ನಮ್ಮ ಕೋಲಿನಿಂದಲೋ, ರಾತ್ರಿ ದೀಪ ಹಾಕಿ ಮೀನು ಬಾಚುವ ದೊಡ್ಡ ಬೋಟುಗಳಿಂದಲೋ? ಅವರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ನಾನು ಹಿಡಿದ ಮೀನು ನನ್ನದು.

ರಂಪಣಿ ಮನೆಯವನು

ಅವರನ್ನೂ ಕೇಳಿದ್ದೇವೆ ಸ್ವಾಮಿ. ಬೆಳಕಿನ ಮೀನುಗಾರಿಕೆಯನ್ನು 2017ರಲ್ಲಿ ಕೇಂದ್ರವೇ ನಿಷೇಧಿಸಿದೆ. ನಿಷೇಧ ಜಾರಿಯಾಗಲೆಂದು ಬೀದಿಗಿಳಿದವರು ಸಾಂಪ್ರದಾಯಿಕ ಮೀನುಗಾರರೇ. ನಮ್ಮ ಮನೆಯಲ್ಲಿ ರಂಪಣಿ ಇತ್ತು. ಹತ್ತಾರು ಜನ ದಂಡೆಯಲ್ಲಿ ನಿಂತು ಎಳೆಯುವ ಬಲೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗುಡೆ, ತಾರ್ಲೆಯ (ಬೂತಾಯಿ) ಹಿಂಡನ್ನು ದಂಡೆಗೆ ಬರುವ ಮೊದಲೇ ಸುತ್ತುಗಟ್ಟಿದವು, ರಂಪಣಿ ಅಟ್ಟ ಸೇರಿತು. ಈಗ ಉಳಿದಿರುವುದು ಅದರ ಸಣ್ಣ ರೂಪವಾದ ಕೈರಂಪಣಿ. ದೊಡ್ಡವನು ಕಸಿದುಕೊಂಡ ಎಂದು ಸಣ್ಣವನೂ ಕೈ ಹಾಕಬಹುದು ಎಂಬ ನ್ಯಾಯ ನನಗೆ ಗೊತ್ತಿಲ್ಲ.

ಮೇಲ್ವಿಚಾರಕ

ಇಬ್ಬರ ಮಾತೂ ಇರಲಿ, ಅಳಿಸುತ್ತಿಲ್ಲ. ಹೋಟೆಲುಗಳ ಹೆಸರು, ಮೀನಿನ ದರ ಇಲ್ಲಿ ಬೇಡ. ಪ್ರಶ್ನೆ ಕೇಳಿದವರು ಇನ್ನೆರಡು ದಿನಕ್ಕೆ ಹೊರಡುತ್ತಾರೆ, ವಿಷಯಕ್ಕೆ ಬನ್ನಿ.

ಕಡಲಜೀವಿ ವಿದ್ಯಾರ್ಥಿನಿ

ಕೋಡಿಬಾಗದಲ್ಲೇ ಕಡಲಜೀವಶಾಸ್ತ್ರ ಓದಿದವಳು ನಾನು, ಹಾಗಾಗಿ ಎರಡು ಮಾತು.

ಚೋಣಕ ಹುಟ್ಟಿನಿಂದ ಹೆಣ್ಣಲ್ಲ. ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ, ಕೆಲವು ವರ್ಷ ಕಳೆದು ಮೈ ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಚಿತ್ರ ತೆಗೆಸಿಕೊಳ್ಳಲು ಎತ್ತಿ ಹಿಡಿಯುವ ಆ ಭಾರೀ ಮೀನುಗಳು ಹೆಚ್ಚುಕಡಿಮೆ ಎಲ್ಲವೂ ಮೊಟ್ಟೆಯಿಡುವ ಹೆಣ್ಣುಗಳು. ಮಳೆಗಾಲದಲ್ಲಿ ಅಳಿವೆಗೆ ಇಳಿದು ಮೊಟ್ಟೆಯಿಡುವುದೂ ಅವೇ, ಅದರ ಮರಿಗಳೇ ಹಿನ್ನೀರಿಗೆ, ಕಾಂಡ್ಲಾದ ಬೇರಿನ ಮರೆಗೆ ಸೇರಿಕೊಳ್ಳುವುದು. ಊಟಕ್ಕೆ ಬೇಕೆಂದರೆ ನಡುಗಾತ್ರದ್ದು ಒಂದನ್ನು ಇಟ್ಟುಕೊಂಡು ದೊಡ್ಡದನ್ನು ಬಿಡಿ. ಬಿಡುವುದೆಂದರೆ ಕಾಲಿನಿಂದ ನೂಕುವುದಲ್ಲ: ಬಾಯಿ ಮತ್ತು ಹೊಟ್ಟೆ ಎರಡಕ್ಕೂ ಕೈಯ ಆಸರೆ ಕೊಟ್ಟು, ನೀರಿನಲ್ಲೇ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದಿರಿ. ಅದು ತಾನಾಗಿಯೇ ಬಾಲ ಬೀಸಿ ಹೊರಟಾಗ ಕೈ ತೆಗೆಯಿರಿ. ಎರೆ ಹಾಕುವವರು ಮೊನೆ ಒಳಕ್ಕೆ ಬಾಗಿರುವ ದುಂಡು ಕೊಕ್ಕೆ ಬಳಸಿದರೆ ಅದು ಗಂಟಲಿಗಿಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಷರತ್ತು, ಅದಕ್ಕೆ ಜಗ್ಗಬಾರದು; ದಾರ ಬಿಗಿಯಾದಾಗ ಸುಮ್ಮನೆ ಸುತ್ತಬೇಕು.

ಎರಡನೆಯದು ಅಳಿವೆ ಬದಿಯವರ ಮಾತಿಗೆ ಸೇರ್ಪಡೆ. ಉಪ್ಪುನೀರು ಬಂದಿತೆಂದರೆ ಮೀನು ಬಂದೇ ಬಂದಿತು ಎನ್ನಲಾಗದು. ನೈಋತ್ಯ ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ದಂಡೆಯ ಕಡೆಗೆ ಮೇಲೇರುತ್ತದೆ. ಪೋಷಕಾಂಶ ತರುತ್ತದೆ, ಬಂಗುಡೆ, ತಾರ್ಲೆಗೆ ಮೇವು ಹುಟ್ಟುವುದು ಅದರಿಂದಲೇ. ಆದರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೇಲಿನಿಂದ ಉದುರುವ ಸತ್ತ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಕೊಳೆಯುತ್ತ ಉಳಿದದ್ದನ್ನೂ ಹೀರುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇದು ತಾರಕಕ್ಕೇರುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದು ತಳದಲ್ಲಿ ಒಂದು ಬಡಿತವೂ ಇಲ್ಲದ ದಿನ, ಏಡಿ ಕೂಡ ಎರೆ ಮುಟ್ಟದ ದಿನ, ಕೋಲನ್ನು ಬೈಯಬೇಡಿ. ತಳ ಬಿಟ್ಟು ದಂಡೆಯ ತೀರಾ ಆಳವಿಲ್ಲದ, ಅಲೆ ಒಡೆದು ಗಾಳಿ ಬೆರೆಯುವ ನೀರಿಗೆ ಹಾಕಿ.

ರಾತ್ರಿ ಅಲೆ ನೀಲಿಯಾಗಿ ಹೊಳೆಯುವುದೂ ಇದೇ ಋತುವಿನ ಸಂಗತಿ. 2020ರ ನವೆಂಬರ್‌ನಲ್ಲಿ ಮಂಗಳೂರು, ಉಡುಪಿಯ ತೀರಗಳಿಗೆ ಜನ ಜಾತ್ರೆಯಂತೆ ಹೋಗಿ ನೋಡಿದರು. ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿ ಅದು. ನೋಡಲು ಚೆಂದ, ಗಾಳಕ್ಕೆ ಕಷ್ಟ: ನೀರಿನಲ್ಲಿ ದಾರ ಅಲುಗಿದರೂ ಬೆಳಕಿನ ಗೆರೆ ಎಳೆದಂತಾಗುತ್ತದೆ.

ಪಡುಗಾಳಿ

ಎಲ್ಲರೂ ಮೀನಿನ ಬಗ್ಗೆ ಬರೆದಿರಿ, ಮನುಷ್ಯರ ಬಗ್ಗೆ ನಾನು ಬರೆಯುತ್ತೇನೆ.

ಬೈತಖೋಲದ ಕಡೆಯ ಬಂಡೆಗಳು ಚಿತ್ರದಲ್ಲಿ ಸುಂದರ. ಮಳೆಗಾಲದ ಪಾಚಿ ಅಕ್ಟೋಬರ್‌ವರೆಗೂ ಅವುಗಳ ಮೇಲಿರುತ್ತದೆ, ಒದ್ದೆಯಾಗಿ ಕಪ್ಪಗಿರುವ ಬಂಡೆಗೆ ಕಾಲಿಡುವುದೆಂದರೆ ಎಣ್ಣೆ ಸುರಿದ ನೆಲಕ್ಕೆ ಕಾಲಿಟ್ಟ ಹಾಗೆ. ಮಂಡಿನೋವಿನವರು ಆ ಕಡೆ ಬರಲೇಬಾರದು. ಬಂದರಿನ ಅಲೆತಡೆ ಗೋಡೆಗೆ ಅಲ್ಲಿನ ಕಾವಲಿನವರನ್ನು ಕೇಳದೆ ಹೋಗಬೇಡಿ. ದಕ್ಷಿಣಕ್ಕೆ ಅರ್ಗಾದ ಕಡೆ ನೌಕಾನೆಲೆಯ ಹದ್ದು. ಅಲ್ಲಿ ಗಾಳವೂ ಬೇಡ, ಮೊಬೈಲ್ ಎತ್ತಿ ಚಿತ್ರ ತೆಗೆಯುವುದೂ ಬೇಡ. ಕೊಲ್ಲಿಯಲ್ಲಿ ಮೀನು ಸಾಕುವ ಪಂಜರಗಳು ಕಂಡರೆ ಅದರ ಸುತ್ತ ಎಸೆಯಬೇಡಿ, ಅದು ಹಿತ್ತಲಿನ ಕೋಳಿಗೂಡಿಗೆ ಕೈ ಹಾಕಿದಂತೆಯೇ.

ಕಾಳಿ ಸೇತುವೆಯ ಕಂಬದ ಬುಡದಲ್ಲಿ ತಾಂಬೊಸ ಇರುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸುತ್ತಾರೆ. ಇರಬಹುದು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿದ್ದೇ ಹೆಚ್ಚು. ಅಂಥ ಜಾಗದ ಕೆಳಗೆ ಪಾತಿದೋಣಿ ನಿಲ್ಲಿಸಿಕೊಂಡು ಗಾಳ ಹಾಕುವವರಿಗೆ ನಾನು ಏನು ಹೇಳಲಿ? ಹೊಸ ಸೇತುವೆಯ ಮೇಲೆ ನಿಂತು ಹಾಕುವುದೂ ಅಷ್ಟೇ ದಡ್ಡತನ, ಬೆನ್ನ ಹಿಂದೆಯೇ ಹೆದ್ದಾರಿ.

ಕೊನೆಗೆ ಮನಸ್ಸು ತಡೆಯದೆ ದೋಣಿ ಹತ್ತಿದರೆ ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಿ. ಸೀಟಿನ ಅಡಿಯಲ್ಲಿ ಇದ್ದರೆ ಸಾಲದು, ಮೈಮೇಲಿರಬೇಕು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಇದೇ ಕೊಲ್ಲಿಯಲ್ಲಿ ಮಗುಚಿ 16 ಜನ ಹೋದರು. ಅದು ಮಳೆಗಾಲವಲ್ಲ, ಚಳಿಗಾಲ, ಜನರ ಲೆಕ್ಕದಲ್ಲಿ ಕಡಲು ಶಾಂತವಾಗಿರುವ ಕಾಲ.

ಅಕ್ಟೋಬರ್ ಎಂದರೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ತಿಂಗಳೂ ಹೌದು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಎದ್ದಾಗ ಬೇರೆ ಬೇರೆ ರಾಜ್ಯಗಳ ಬೋಟುಗಳು ಕಾರವಾರ ಬಂದರಿಗೆ ಬಂದು ಆಶ್ರಯ ಪಡೆದವು. ಹವಾಮಾನ ಇಲಾಖೆಯ ಮುನ್ಸೂಚನೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಎಚ್ಚರಿಕೆ ಎರಡನ್ನೂ ಹಿಂದಿನ ರಾತ್ರಿ ನೋಡಿಕೊಳ್ಳಿ. ಮೊಬೈಲಿನಲ್ಲೇ ಸಿಗುತ್ತವೆ.

ಧಾರವಾಡದ ಕೆರೆದಂಡೆ

ಇಷ್ಟೆಲ್ಲ ಬರೆದುಕೊಟ್ಟಿದ್ದಕ್ಕೆ ಎಲ್ಲರಿಗೂ ನಮಸ್ಕಾರ. ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಾರುವ ವಿಷಯದಲ್ಲಿ ಅವರು ರಂಪಣಿ ಮನೆಯವರ ಪಕ್ಷ. ಅವರದೇ ಎರಡು ಪ್ರಶ್ನೆ: ಸಾಂಗಟದ ಮುಳ್ಳು ಚುಚ್ಚಿದರೆ ಏನು ಮಾಡಬೇಕು? ನೀರಿಗಿಳಿದು ನಿಂತಾಗ ಕಾಲಿಗೆ ತೊರಕೆ (ಸ್ಟಿಂಗ್‌ರೇ) ಬಡಿಯುತ್ತದಂತಲ್ಲ, ನಿಜವೇ?

ನೊಗ್ಲಿ ಅಕ್ಕ

ನಿಜ. ತೊರಕೆ ಮರಳಿನಲ್ಲಿ ಹೂತುಕೊಂಡು ಮಲಗಿರುತ್ತದೆ, ಮೇಲೆ ಕಾಲಿಟ್ಟರೆ ಮಾತ್ರ ಬಾಲ ಬೀಸುತ್ತದೆ. ಹೆಜ್ಜೆ ಎತ್ತಿಡದೆ, ಪಾದವನ್ನು ಮರಳಿನ ಮೇಲೆ ಎಳೆದುಕೊಂಡೇ ನಡೆಯಿರಿ. ಸದ್ದಿಗೆ ಅದು ತಾನೇ ಎದ್ದು ಹೋಗುತ್ತದೆ. ಸಾಂಗಟಕ್ಕೆ ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೆ ಒಂದೊಂದು ಮುಳ್ಳು. ಕೈಯಿಂದ ಹಿಡಿಯದೆ ಇಕ್ಕಳದಲ್ಲಿ ಕೊಕ್ಕೆ ಬಿಡಿಸಿ.

ಎರಡರಲ್ಲಿ ಯಾವುದು ಚುಚ್ಚಿದರೂ ಗಾಯ ತೊಳೆದು, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಡಿ. ಬಿಸಿಗೆ ನಂಜಿನ ನೋವು ಇಳಿಯುತ್ತದೆ. ಸುಟ್ಟುಕೊಳ್ಳಬೇಡಿ, ಮೊದಲು ಚುಚ್ಚದ ಕೈಯಲ್ಲಿ ಬಿಸಿ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ ಕೀಳಲು ಹೋಗದೆ ಆಸ್ಪತ್ರೆಗೆ ಹೋಗಿ, ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗುತ್ತದೆ. ನಮ್ಮಲ್ಲಿ ಥರ್ಮಾಸಿನಲ್ಲಿ ಬಿಸಿನೀರು ಒಯ್ಯುವುದು ಚಹಾಕ್ಕೆ ಮಾತ್ರವಲ್ಲ.

ಅಂಕೋಲೆಯ ಅಡುಗೆಮನೆ

ಯಾರೂ ಮುಖ್ಯ ವಿಷಯಕ್ಕೆ ಬರಲೇ ಇಲ್ಲ. ನೊಗ್ಲಿ ಸಿಕ್ಕರೆ ಮೇಲೆ ಮಸಾಲೆ ಹೇರಬೇಡಿ. ಉಪ್ಪು, ಅರಿಶಿನ, ಖಾರ, ಸ್ವಲ್ಪ ಹುಳಿ, ರವೆಯಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಕಾಯಿಸಿ. ಬಂಗುಡೆಯಾದರೆ ಕಾಯಿ ಅರೆದ ಸಾರಿಗೆ ಕೊನೆಯಲ್ಲಿ ನಾಲ್ಕಾರು ಜುಮ್ಮನಕಾಯಿ (ತಿರಫಲ) ಜಜ್ಜಿ ಹಾಕಿ, ಬೀಜ ತೆಗೆದು ಸಿಪ್ಪೆ ಮಾತ್ರ. ಚೋಣಕದ ತಲೆಯನ್ನು ಬೆಕ್ಕಿಗೆ ಹಾಕಿದವರ ಮನೆಯಲ್ಲಿ ನಾನು ನೀರು ಕುಡಿಯುವುದಿಲ್ಲ.

ಮತ್ತೊಂದು: ಹಿಡಿದ ಮೀನನ್ನು ಬಕೆಟ್ಟಿನ ನೀರಿನಲ್ಲಿ ಬಿಸಿಲಿಗೆ ಇಡಬೇಡಿ. ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿನಲ್ಲಿಡಿ. ಐಸು ಬಂದರಿನ ಹತ್ತಿರ ಬೆಳಿಗ್ಗೆಯೇ ಸಿಗುತ್ತದೆ. ಅಕ್ಟೋಬರಿನ ಬಿಸಿಲು ನಮ್ಮಲ್ಲಿ ಬೇಸಿಗೆಗಿಂತ ಕಡಿಮೆಯದಲ್ಲ.

ಧಾರವಾಡದ ಕೆರೆದಂಡೆ

ಹೋಗಿ ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಹೋದ ದಿನ ಅಳಿವೆಯ ನೀರು ಪೂರ್ತಿ ಚಹಾ. ಅಳಿವೆ ಬದಿಯವರ ಮಾತಿನಂತೆ ಕಡಲತೀರದಲ್ಲಿ ದಕ್ಷಿಣಕ್ಕೆ ನಡೆದೆವು. ಸಿಕ್ಕಿದ್ದು ಸಾಂಗಟ, ಅದರ ಮೇಲೆ ಸಾಂಗಟ. ಮಾವ ಇಕ್ಕಳ ಹಿಡಿದು ಶಸ್ತ್ರಚಿಕಿತ್ಸಕರಂತೆ ಕೊಕ್ಕೆ ಬಿಡಿಸುತ್ತಿದ್ದರು. ಸುತ್ತ ನಿಂತ ಹುಡುಗರಿಗೆ ಅದೇ ಮನರಂಜನೆ. ಆಮೇಲೆ ಮಳೆ ಬಿಡುವು ಕೊಟ್ಟಿತು, ಹುಣ್ಣಿಮೆಯ ಬೆಳಿಗ್ಗೆ ಉತ್ತರದ ತುದಿಯಲ್ಲಿ ಪಾದ ಕಂಡಿತು. ಇಳಿದ ನೀರಿನಲ್ಲಿ ತಗ್ಗು ಗುರುತು ಮಾಡಿಕೊಂಡು, ಪ್ಲಾಸ್ಟಿಕ್ ಕುರ್ಚಿ ಹಾಕಿ ಮಾವನನ್ನು ಕೂರಿಸಿದೆ. ನೀರು ಏರಿದಂತೆ ಕುರ್ಚಿಯನ್ನು ಹಿಂದಕ್ಕೆ ಸರಿಸುವುದು ನನ್ನ ಕೆಲಸ. ಟಕ್‌ಟಕ್, ಏನೂ ಇಲ್ಲ, ಭಾರ: ಅಕ್ಕ ಹೇಳಿದ ಕ್ರಮ ಅಕ್ಷರಶಃ ನಿಜ. ಮಧ್ಯಾಹ್ನದ ಊಟಕ್ಕೆ ಮನೆಯವರಿಗೆಲ್ಲ ಸಾಕಾಗುವಷ್ಟು ನೊಗ್ಲಿ ಆಯಿತು. ರಂಪಣಿ ಮನೆಯವರ ಕಡೆಯವರೋ ಏನೋ, ಬಲೆ ಒಣಗಿಸುತ್ತಿದ್ದ ಹಿರಿಯರೊಬ್ಬರು ಒಂದು ಹಿಡಿ ಹಸಿ ಸಿಗಡಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ನಾವು ಧಾರವಾಡದ ಪೇಡೆ ಕೊಟ್ಟೆವು.

ಚೋಣಕ ಕಾಣಲಿಲ್ಲ. ಕೊನೆಯ ಬೆಳಿಗ್ಗೆ ಮಾತ್ರ ಗುರುತು ಸಿಗದ ಮೀನೊಂದು ಬಂದಿತು. ಅಂಗೈಯುದ್ದ, ಬೆಳ್ಳಿಯ ಮೈ, ಮೇಲೆ ಬಿಲ್ಲಿನಂತೆ ಬಾಗಿದ ಮೂರು ಕಪ್ಪು ಪಟ್ಟಿ, ಬಾಲದಲ್ಲೂ ಪಟ್ಟಿ. ಕೈಯಲ್ಲಿ ಹಿಡಿದರೆ ಗೊರ್ ಗೊರ್ ಎಂದು ಸದ್ದು ಮಾಡಿತು. ಮಾವ ಅದನ್ನು ಬೈಗುಳವೆಂದು ತಿಳಿದು ವಾಪಸು ಬಿಟ್ಟರು. ಏನು ಮೀನು ಅದು?

ಕಡಲಜೀವಿ ವಿದ್ಯಾರ್ಥಿನಿ

ಟೆರಾಪಾನ್ ಜಾರ್ಬುವಾ. ಅಳಿವೆ, ಮರಳುದಂಡೆ ಎರಡರಲ್ಲೂ ಇರುವ ಮೀನು. ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುಗಳಿಂದ ಅದುರಿಸಿ ಆ ಸದ್ದು ಮಾಡುತ್ತದೆ. ತಿನ್ನಬಹುದು, ಆದರೆ ಆ ಗಾತ್ರದ್ದನ್ನು ಬಿಟ್ಟದ್ದೇ ಸರಿ. ಕಿವಿರು ಮುಚ್ಚಳದ ಮೇಲೆ ಚೂಪು ಮುಳ್ಳಿದೆ, ಮುಂದಿನ ಸಲ ಹಿಡಿಯುವಾಗ ತಲೆಯ ಕಡೆ ಬೆರಳು ಹಾಕಬೇಡಿ.

ಬೆಂಗಳೂರಿನ ರೀಲು

ಆ ಮೀನು ನನ್ನ ಕೃತಕ ಮೀನುಗಳ ಬಾಲವನ್ನು ಎಷ್ಟು ಸಲ ಕಡಿದಿದೆಯೋ. ಚೋಣಕ ಬೇಕಿದ್ದರೆ ಚಿತ್ತಾ ಮಳೆ ಕಳೆದು ಬನ್ನಿ ಸರ್, ಕಾಲುವೆಯ ಬಾಯಿ ನಾನೇ ತೋರಿಸುತ್ತೇನೆ.

ಅಳಿವೆ ಬದಿ

ಬರುವುದಾದರೆ ಅಷ್ಟಮಿಯ ಹಿಂದುಮುಂದು ಬನ್ನಿ. ಆಗ ಭರತ ಬೆಳಿಗ್ಗೆ ಬೇಗ ತುಂಬಿ, ಎಂಟರ ಸುಮಾರಿಗೆ ಕಾಲುವೆಗಳಿಂದ ನೀರು ಇಳಿಯತೊಡಗುತ್ತದೆ. ನೀರು ಏರಿಳಿಯುವುದೂ ಹುಣ್ಣಿಮೆಯಷ್ಟು ಇರುವುದಿಲ್ಲ, ಮಾವನ ಕುರ್ಚಿಯನ್ನು ಅಷ್ಟು ಸಲ ಸರಿಸಬೇಕಾಗಿಲ್ಲ. ಸಿಕ್ಕ ಚೋಣಕವನ್ನು ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮಾತ್ರ ರೀಲಿನವರನ್ನು ಕೇಳಬೇಡಿ.